ಶೀಟ್ ಮೆಟಲ್ ಫಾರ್ಮಿಂಗ್‌ಗೆ ಲೂಬ್ರಿಕೇಶನ್ ಕೋಟಿಂಗ್: ಆರಿಸುವುದರಿಂದ ತೊಳೆಯುವವರೆಗೆ

ಡೀಪ್ ಡ್ರಾ ಮಾಡುವಾಗ, ಅಂದರೆ ಚಪ್ಪಟೆ ಶೀಟನ್ನು ಪಂಚ್ ಎಂಬ ಒತ್ತುವ ಉಪಕರಣದಿಂದ ಡೈ ಎಂಬ ಅಚ್ಚಿನೊಳಗೆ ತಳ್ಳಿ ಕಪ್ ಮಾಡುವಾಗ, ಆ ಕಪ್ ಹರಿದರೆ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ: ಇನ್ನಷ್ಟು ಎಣ್ಣೆ ಹಚ್ಚುವುದು. ಕೆಲವೊಮ್ಮೆ ಅದು ಸಾಕಾಗುತ್ತದೆ. ಆದರೆ ಒತ್ತಡ ಜಾಸ್ತಿಯಾದಾಗ ಎಣ್ಣೆ ಡೈ ಮತ್ತು ಶೀಟಿನ ನಡುವೆ ನಿಲ್ಲುವುದೇ ಇಲ್ಲ. ಪಕ್ಕಕ್ಕೆ ಹಿಂಡಿ ಹೋಗುತ್ತದೆ. ಆಮೇಲೆ ಎಷ್ಟು ಸುರಿದರೂ ಅಷ್ಟೇ. ಅಂಥ ಕಡೆ ಬೇಕಾಗುವುದು ಲೋಹದ ಮೈಗೆ ಅಂಟಿಕೊಂಡು ಕೂರುವ ಪದರ. ಶೀಟು ಹಿಗ್ಗಿದಂತೆ ಅದೂ ಹಿಗ್ಗಬೇಕು. ಸ್ಟ್ರೋಕ್ ಮುಗಿಯುವವರೆಗೂ ಎರಡು ಲೋಹಗಳು ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳಬೇಕು.

ಇಂಥ ಪದರಗಳು ಹಲವು ಬಗೆ ಇವೆ. ಶೀಟಿನ ಮೇಲೆ ರಾಸಾಯನಿಕವಾಗಿ ಬೆಳೆಸುವ ಫಾಸ್ಫೇಟ್ ಮತ್ತು ಸೋಪಿನ ಪದರ, ಹಚ್ಚಿ ಒಣಗಿಸುವ ಡ್ರೈ ಫಿಲ್ಮ್, ಮೇಣದಂಥ ಹಾಟ್ ಮೆಲ್ಟ್, ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್. ಶೀಟನ್ನು ಬಿಟ್ಟು ಡೈ ಮೇಲೆಯೇ ಕೂರಿಸುವ ಗಟ್ಟಿ ಕೋಟಿಂಗ್ ಬೇರೆ. ಇವುಗಳಲ್ಲಿ ಯಾವುದು ಅತಿ ಹೆಚ್ಚು ಜಾರುತ್ತದೆ ಎಂದು ಕೇಳುತ್ತಾ ಹೊರಟರೆ ದಾರಿ ತಪ್ಪುತ್ತದೆ. ನನ್ನ ಪ್ರಕಾರ ಆಯ್ಕೆಗೆ ಎರಡು ತುದಿಗಳಿವೆ. ಒಂದು, ಹಾಳಾದ ಪೀಸು ಏನು ಹೇಳುತ್ತಿದೆ ಅನ್ನುವುದು. ಇನ್ನೊಂದು, ಪ್ರೆಸ್ಸಿನಿಂದ ಹೊರಬಂದ ಮೇಲೆ ಆ ಪೀಸಿಗೆ ಏನೇನು ಆಗಬೇಕಿದೆ ಅನ್ನುವುದು. ಈ ಎರಡನ್ನೂ ಹಿಡಿದುಕೊಂಡರೆ ನಡುವಿನ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಹಂತ 1: ಹಾಳಾದ ಪೀಸನ್ನು ಓದಿ

ಸ್ಕ್ರ್ಯಾಪಿಗೆ ಹಾಕುವ ಮುಂಚೆ ಪೀಸನ್ನು ಬೆಳಕಿಗೆ ಹಿಡಿದು ನೋಡಿ. ತಳದ ತಿರುವಿನಿಂದ ಸ್ವಲ್ಪ ಮೇಲೆ, ಸುತ್ತಲೂ ಬಿರುಕು ಬಿಟ್ಟಿದ್ದರೆ ಫ್ಲ್ಯಾಂಜ್ (ಕಪ್ಪಿನ ಸುತ್ತ ಇನ್ನೂ ಚಪ್ಪಟೆಯಾಗಿರುವ ಅಂಚು) ಒಳಗೆ ಸರಿದು ಬರುತ್ತಿಲ್ಲ ಎಂದರ್ಥ. ಘರ್ಷಣೆ ಕಾರಣ ಇರಬಹುದು. ಬ್ಲ್ಯಾಂಕ್ (ಕತ್ತರಿಸಿದ ಶೀಟಿನ ತುಂಡು) ಅಂಚನ್ನು ಒತ್ತಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್ ಒತ್ತಡ ಜಾಸ್ತಿ ಇರಬಹುದು. ಡೈ ರೇಡಿಯಸ್, ಅಂದರೆ ಡೈ ಬಾಯಿಯ ದುಂಡು ಅಂಚು, ಚಿಕ್ಕದಾಗಿರಬಹುದು. ಕೋಟಿಂಗ್ ಬದಲಿಸುವ ಮುಂಚೆ ಕೊನೆಯ ಎರಡನ್ನು ಪರೀಕ್ಷಿಸಿ, ಯಾಕೆಂದರೆ ಅವುಗಳನ್ನು ಸರಿಮಾಡುವುದು ಸುಲಭ.

ಫ್ಲ್ಯಾಂಜಿನಲ್ಲಿ ಸುಕ್ಕು ಬಂದಿದ್ದರೆ ಸಮಸ್ಯೆಯೇ ಬೇರೆ. ಅಲ್ಲಿ ಹಿಡಿತ ಕಡಿಮೆಯಾಗಿದೆ. ಇನ್ನೂ ಜಾರುವ ಕೋಟಿಂಗ್ ಹಾಕಿದರೆ ಸುಕ್ಕು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಗೋಡೆಯ ಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಗಾಲಿಂಗ್. ಶೀಟಿನ ಲೋಹದ ಸಣ್ಣ ಕಣಗಳು ಡೈಗೆ ಬೆಸೆದುಕೊಂಡು, ಮುಂದಿನ ಪೀಸನ್ನು ಉಳುತ್ತಿವೆ. ಮೊದಲ ಪೀಸುಗಳು ಚೆನ್ನಾಗಿದ್ದು, ಹೊತ್ತು ಕಳೆದಂತೆ ಗೀರು ಆಳವಾಗುತ್ತಾ ಹೋದರೆ ಅನುಮಾನವೇ ಬೇಡ. ಇದನ್ನು ಪತ್ತೆ ಮಾಡಲು ಹತ್ತಿ ಸಾಕು. ಪ್ರೆಸ್ಸನ್ನು ನಿಲ್ಲಿಸಿ, ಪವರ್ ಲಾಕ್ ಮಾಡಿ, ಸೇಫ್ಟಿ ಬ್ಲಾಕ್ ಇಟ್ಟ ಮೇಲೆ, ಒಣ ಹತ್ತಿಯ ಉಂಡೆಯನ್ನು ಡೈ ರೇಡಿಯಸ್ ಮೇಲೆ ಹಗುರವಾಗಿ ಎಳೆಯಿರಿ. ನುಣ್ಣಗಿರುವ ಕಡೆ ಅದು ಸರಾಗವಾಗಿ ಜಾರುತ್ತದೆ. ಲೋಹ ಅಂಟಿರುವ ಕಡೆ ಎಳೆಗಳು ಸಿಕ್ಕಿಕೊಂಡು ಬಿಳಿ ಕೂದಲಿನಂತೆ ನಿಲ್ಲುತ್ತವೆ. ಕಣ್ಣಿಗೆ, ಬೆರಳಿಗೆ ಸಿಗದ ಅಂಟು ಹತ್ತಿಗೆ ಸಿಗುತ್ತದೆ. ಆ ಜಾಗಗಳನ್ನು ಮಾರ್ಕರ್‌ನಿಂದ ಗುರುತಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಹೊಸ ಕೋಟಿಂಗ್ ಪ್ರಯತ್ನಿಸಿದಾಗ ಹೋಲಿಸಿ ನೋಡಲು ಬೇಕಾಗುತ್ತದೆ.

ಹಂತ 2: ಎಲ್ಲಿ ಜಾರಬೇಕು, ಎಲ್ಲಿ ಜಾರಬಾರದು ಎಂದು ತೀರ್ಮಾನಿಸಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಡೀಪ್ ಡ್ರಾದಲ್ಲಿ ಪಂಚ್ ತಳವನ್ನು ತಳ್ಳುತ್ತದೆ. ಆ ಬಲ ಗೋಡೆಯ ಮೂಲಕ ಹೋಗಿ ಫ್ಲ್ಯಾಂಜನ್ನು ಒಳಗೆ ಎಳೆಯುತ್ತದೆ. ಫ್ಲ್ಯಾಂಜ್ ಮತ್ತು ಡೈ ರೇಡಿಯಸ್ ಹತ್ತಿರ ಘರ್ಷಣೆ ಕಡಿಮೆಯಾದಷ್ಟೂ ಗೋಡೆಯ ಮೇಲಿನ ಹೊರೆ ಇಳಿಯುತ್ತದೆ. ಆದರೆ ಪಂಚ್ ಮೂಗಿನ ಸುತ್ತ ಶೀಟು ಪಂಚನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಒಳ್ಳೆಯದು. ಅಲ್ಲಿನ ಹಿಡಿತ, ಹರಿಯುವ ಅಪಾಯವಿರುವ ಜಾಗದ ಭಾರವನ್ನು ಸ್ವಲ್ಪ ಹಂಚಿಕೊಳ್ಳುತ್ತದೆ. ಹಾಗಾಗಿ ಡೀಪ್ ಡ್ರಾಗೆ ಕೋಟಿಂಗ್ ಡೈ ಕಡೆಯ ಮೈಗೆ ಮುಖ್ಯ. ಪಂಚ್ ಕಡೆ ನಡುಭಾಗವನ್ನು ಸುಮ್ನೆ ಬಿಡುವುದೇ ಲಾಭ.

ಸ್ಟ್ರೆಚ್ ಫಾರ್ಮಿಂಗ್‌ನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಂಚು ಗಟ್ಟಿಯಾಗಿ ಹಿಡಿದಿರುತ್ತದೆ, ಶೀಟು ಪಂಚ್ ಮೇಲೆಯೇ ಹಿಗ್ಗಬೇಕು. ಅಲ್ಲಿ ಪಂಚ್ ಕೆಳಗೆ ಜಾರಿದಷ್ಟೂ ಹಿಗ್ಗುವಿಕೆ ಎಲ್ಲ ಕಡೆ ಹಂಚಿಹೋಗುತ್ತದೆ, ಒಂದೇ ಕಡೆ ತೆಳುವಾಗುವುದಿಲ್ಲ. ನಿಮ್ಮ ಪೀಸಿನಲ್ಲಿ ಎರಡೂ ಇದ್ದರೆ, ಡ್ರಾಯಿಂಗ್ ಮೇಲೆ ಬಣ್ಣದಲ್ಲಿ ಗುರುತು ಹಾಕಿ: ಇಲ್ಲಿ ಜಾರಬೇಕು, ಇಲ್ಲಿ ಹಿಡಿಯಬೇಕು.

ಅಂದಾಜಿಗೆ ಕೆಲವು ಅಂಕಿ. ಮಿಲ್‌ನಿಂದ ಬಂದ ತುಕ್ಕುನಿರೋಧಕ ಎಣ್ಣೆ ಮಾತ್ರ ಇರುವ ಉಕ್ಕಿನ ಶೀಟಿಗೆ ಘರ್ಷಣಾಂಕ ಸುಮಾರು 0.12ರಿಂದ 0.18. ಒಳ್ಳೆಯ ಡ್ರೈ ಫಿಲ್ಮ್ ಇದ್ದರೆ 0.05ರಿಂದ 0.10. ಅಂಕಿ ಚಿಕ್ಕದಾಗಿ ಕಾಣಬಹುದು, ಆದರೆ ಎರಡರ ನಡುವೆ ಒಂದು ಪೀಸು ಹರಿಯುವುದಕ್ಕೂ ಹರಿಯದಿರುವುದಕ್ಕೂ ಸಾಕಾಗುವಷ್ಟು ಅಂತರವಿದೆ.

ಹಂತ 3: ಪ್ರೆಸ್ ಆದ ಮೇಲಿನ ಕೆಲಸಗಳನ್ನು ಮೊದಲೇ ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಪೀಸಿನ ಮುಂದಿನ ದಾರಿ ಬರೆಯಿರಿ. ವೆಲ್ಡಿಂಗ್ ಇದೆಯಾ? ಅಂಟು ಹಾಕಿ ಜೋಡಿಸುತ್ತಾರಾ? ಪೇಂಟ್ ಆಗುತ್ತಾ? ಹೀಟ್ ಟ್ರೀಟ್‌ಮೆಂಟ್ ಇದೆಯಾ? ಆಹಾರ ತಾಗುವ ವಸ್ತುವಾ? ಪ್ರತಿಯೊಂದು ಉತ್ತರವೂ ಒಂದೆರಡು ಕೋಟಿಂಗ್‌ಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ.

ಫಾಸ್ಫೇಟ್ ಪದರ ದಪ್ಪಗಿದ್ದರೆ ಸ್ಪಾಟ್ ವೆಲ್ಡಿಂಗ್‌ಗೆ ತೊಂದರೆ, ಅದು ವಿದ್ಯುತ್ತನ್ನು ತಡೆಯುತ್ತದೆ. ಹೀಟ್ ಟ್ರೀಟ್‌ಮೆಂಟ್ ಇದ್ದರೆ ಫಾಸ್ಫೇಟನ್ನು ಮೊದಲೇ ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಬಿಸಿಯಲ್ಲಿ ರಂಜಕ ಉಕ್ಕಿನ ಮೈಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಸಿಲಿಕೋನ್ ಇರುವ ಲೂಬ್ರಿಕೆಂಟ್ ಪೇಂಟಿನ ಶತ್ರು. ತೊಳೆದ ಮೇಲೂ ಉಳಿದ ಚೂರುಪಾರು ಪೇಂಟಿನಲ್ಲಿ ಕುಳಿಗಳನ್ನು ಮಾಡುತ್ತದೆ. ಪೇಂಟ್ ಲೈನ್ ಇರುವ ಕಟ್ಟಡದೊಳಗೆ ಅದನ್ನು ತರದಿರುವುದೇ ವಾಸಿ.

ಹಂತ 4: ಶೀಟಿನ ಲೋಹಕ್ಕೆ ಹೊಂದಿಸಿ

ಸಾದಾ ಉಕ್ಕು ಎಲ್ಲದಕ್ಕೂ ಒಗ್ಗುತ್ತದೆ. ಗಾಲ್ವನೈಸ್ಡ್ ಶೀಟಿನಲ್ಲಿ ಮೇಲಿರುವ ಸತು ಮೆತ್ತಗಿನದು, ಡೈಗೆ ಬೇಗ ಅಂಟುತ್ತದೆ. ಗಾಲ್ವನೀಲ್ಡ್ ಶೀಟಿನಲ್ಲಿ ಸತು ಮತ್ತು ಕಬ್ಬಿಣ ಬೆರೆತ ಗಟ್ಟಿ ಪದರವಿರುತ್ತದೆ. ಅದು ಅಂಟುವುದು ಕಡಿಮೆ, ಆದರೆ ಪುಡಿಯಾಗಿ ಉದುರುತ್ತದೆ. ಇವೆರಡಕ್ಕೂ ತೆಳು ಡ್ರೈ ಫಿಲ್ಮ್ ಅಥವಾ ಹಾಟ್ ಮೆಲ್ಟ್ ಚೆನ್ನಾಗಿ ಕೂರುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಹಟಮಾರಿ. ಅದರ ಮೈಮೇಲಿನ ಆಕ್ಸೈಡ್ ಪದರವನ್ನು ಸಾಮಾನ್ಯ ಫಾಸ್ಫೇಟ್ ದ್ರಾವಣ ಕಚ್ಚಲಾರದು. ರಾಸಾಯನಿಕ ಪದರವೇ ಬೇಕೆಂದರೆ ಆಕ್ಸಲೇಟ್ ಇದೆ. ಶೀಟ್ ಕೆಲಸದಲ್ಲಿ ಹೆಚ್ಚಾಗಿ ಕ್ಲೋರಿನ್ ಸೇರಿಸಿದ ಎಣ್ಣೆ ಅಥವಾ ಪ್ಲಾಸ್ಟಿಕ್ ಫಿಲ್ಮ್ ಬಳಸುತ್ತಾರೆ. ಕ್ಲೋರಿನ್ ಎಣ್ಣೆ ಕೆಲಸವನ್ನೇನೋ ಚೆನ್ನಾಗಿ ಮಾಡುತ್ತದೆ. ಆದರೆ ಅದರಲ್ಲಿ ಬಳಸುತ್ತಿದ್ದ ಶಾರ್ಟ್ ಚೈನ್ ಕ್ಲೋರಿನೇಟೆಡ್ ಪ್ಯಾರಾಫಿನ್‌ಗಳನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನೆಯ ಪಟ್ಟಿಗೆ ಸೇರಿಸಲಾಯಿತು. ಪೀಸಿನ ಮೇಲೆ ಉಳಿದ ಕ್ಲೋರಿನ್ ಸಂಯುಕ್ತ ಸ್ಟೇನ್‌ಲೆಸ್‌ನಲ್ಲೇ ತೂತು ಕೊರೆಯುವ ತುಕ್ಕನ್ನು ತರಬಹುದು. ಹೊಸದಾಗಿ ಶುರು ಮಾಡುವವರು ಆ ದಾರಿಗೆ ಹೋಗದಿರುವುದು ಒಳ್ಳೆಯದು.

ಅಲ್ಯೂಮಿನಿಯಂ ಮೆತ್ತಗೆ, ಅದರ ಆಕ್ಸೈಡ್ ಗಟ್ಟಿ. ಆ ಆಕ್ಸೈಡ್ ಒಡೆದು ಹೊಸ ಲೋಹ ಹೊರಬಂದ ಕೂಡಲೇ ಡೈಗೆ ಹತ್ತಿಕೊಳ್ಳುತ್ತದೆ. ಮೇಣದ ಡ್ರೈ ಫಿಲ್ಮ್, ಜೊತೆಗೆ ಡೈ ಮೇಲೆ ಡಿಎಲ್‌ಸಿ (ವಜ್ರದಂಥ ಕಾರ್ಬನ್ ಪದರ), ಈ ಜೋಡಿ ನನಗೆ ಬಹಳ ಮೆಚ್ಚುಗೆ.

ಹಂತ 5: ಶೀಟಿನ ಮೇಲೆ ಪದರ ಕೂರಿಸುವುದು

ಮೊದಲು ಮೈ ಶುದ್ಧವಾಗಿರಬೇಕು. ಜಿಡ್ಡು ತೆಗೆದು ತೊಳೆದ ಶೀಟನ್ನು ಓರೆಯಾಗಿ ಹಿಡಿದು ನೀರು ಬಿಡಿ. ನೀರು ಒಂದೇ ಹಾಳೆಯಂತೆ ಹರಿದರೆ ಸರಿ. ಹನಿಹನಿಯಾಗಿ ಒಡೆದರೆ ಅಲ್ಲಿ ಇನ್ನೂ ಜಿಡ್ಡಿದೆ. ಕ್ಲೀನರ್‌ನ ಸೋಪು ಮೈಮೇಲೆ ಉಳಿದಿದ್ದರೂ ನೀರು ಹಾಳೆಯಂತೆಯೇ ಹರಿಯುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಮುಂಚೆ ಚೆನ್ನಾಗಿ ಜಾಲಿಸಿ.

ಸತು ಫಾಸ್ಫೇಟ್ ಮತ್ತು ಸೋಪು. ಕೋಲ್ಡ್ ಫಾರ್ಮಿಂಗ್‌ಗೆ ಫಾಸ್ಫೇಟ್ ಬಳಸುವ ವಿಧಾನಕ್ಕೆ ಜರ್ಮನಿಯಲ್ಲಿ ಫ್ರಿಟ್ಜ್ ಸಿಂಗರ್ 1934ರಲ್ಲಿ ಪೇಟೆಂಟ್ ಪಡೆದರು. ಕಠಿಣ ಡ್ರಾ, ಗೋಡೆ ತೆಳುವಾಗಿಸುವ ಐರನಿಂಗ್, ಇಂಥ ಕೆಲಸಗಳಿಗೆ ಇದು ಇವತ್ತಿಗೂ ಗಟ್ಟಿ ಆಯ್ಕೆ.

ಇದರ ಕೆಲಸದ ರೀತಿ ತಿಳಿದಿದ್ದರೆ ತೊಟ್ಟಿಯಲ್ಲಿ ಏನು ಕೆಟ್ಟಿದೆ ಎಂದು ಊಹಿಸುವುದು ಸುಲಭ. ಫಾಸ್ಫಾರಿಕ್ ಆಮ್ಲ ಕಬ್ಬಿಣವನ್ನು ಸ್ವಲ್ಪ ಕರಗಿಸುತ್ತದೆ. ಹಾಗೆ ಕರಗಿಸುವಾಗ ಶೀಟಿನ ಮೈಗೆ ಅಂಟಿದ ದ್ರಾವಣದಲ್ಲಿ ಮಾತ್ರ ಆಮ್ಲ ಖರ್ಚಾಗುತ್ತದೆ. ಆಮ್ಲ ಇಳಿದ ಆ ತೆಳುವಾದ ಜಾಗದಲ್ಲಿ ಸತು ಫಾಸ್ಫೇಟ್ ಕರಗಿ ಇರಲಾರದೆ ಹರಳಾಗಿ ಮೈಗೇ ಹತ್ತಿಕೊಳ್ಳುತ್ತದೆ. ಅಂದರೆ ಹರಳು ಬೇರು ಬಿಟ್ಟಿರುವುದು ಲೋಹದಲ್ಲೇ. ಎಣ್ಣೆಗೆ ಇಲ್ಲದ ಹಿಡಿತ ಇದಕ್ಕೆ ಬರುವುದು ಇದರಿಂದ.

ಕ್ರಮ ಹೀಗೆ. ಜಿಡ್ಡು ತೆಗೆಯಿರಿ, ತೊಳೆಯಿರಿ. ತುಕ್ಕು ಅಥವಾ ಸ್ಕೇಲ್ (ಬಿಸಿಯಲ್ಲಿ ಕೂತ ಆಕ್ಸೈಡ್ ಪದರ) ಇದ್ದರೆ ಆಮ್ಲದಲ್ಲಿ ಅದ್ದಿ ತೆಗೆದು ಮತ್ತೆ ತೊಳೆಯಿರಿ. ಸಣ್ಣ ಹರಳು ಬೇಕೆಂದರೆ ಟೈಟೇನಿಯಂ ಫಾಸ್ಫೇಟ್ ಇರುವ ಆಕ್ಟಿವೇಟರ್‌ನಲ್ಲಿ ಅದ್ದಿ. ಇದಾದ ಮೇಲೆ ತೊಳೆಯದೆ ನೇರ ಫಾಸ್ಫೇಟ್ ತೊಟ್ಟಿಗೆ. ಫಾರ್ಮಿಂಗ್‌ಗೆ ಬಳಸುವ ತೊಟ್ಟಿಗಳು ಸಾಮಾನ್ಯವಾಗಿ 60ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವು ನಿಮಿಷ. ಪದರದ ತೂಕ ಚದರ ಮೀಟರಿಗೆ 5ರಿಂದ 15 ಗ್ರಾಂ ಒಳಗೆ ಇರಬೇಕು. ಶೀಟಿಗೆ ಈ ವ್ಯಾಪ್ತಿಯ ಕೆಳಗಿನ ಅರ್ಧವೇ ಸಾಕು. ದಪ್ಪ ಜಾಸ್ತಿಯಾದರೆ ಪುಡಿಯಾಗಿ ಉದುರಿ ಡೈ ತುಂಬಿಕೊಳ್ಳುತ್ತದೆ.

ಆಮೇಲೆ ತಣ್ಣೀರಿನಲ್ಲಿ ತೊಳೆದು, ಸ್ವಲ್ಪ ಕ್ಷಾರವಿರುವ ನೀರಿನಲ್ಲಿ ಜಾಲಿಸಿ. ಇದನ್ನು ಬಿಡಲೇಬೇಡಿ. ಆಮ್ಲ ಸೋಪಿನ ತೊಟ್ಟಿಗೆ ಹೋದರೆ ಸೋಪು ಒಡೆದು ಕೊಬ್ಬಿನ ಆಮ್ಲವಾಗಿ ತೇಲುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಸೋಪನ್ನು ಕೆಡಿಸುತ್ತದೆ, ಹಾಗಾಗಿ ತೊಟ್ಟಿಗೆ ಮೆದು ನೀರೇ ಬೇಕು. ಸೋಡಿಯಂ ಸ್ಟಿಯರೇಟ್ ಇರುವ ಈ ತೊಟ್ಟಿ 70ರಿಂದ 80 ಡಿಗ್ರಿಯಲ್ಲಿರುತ್ತದೆ. ಅಲ್ಲಿ ಫಾಸ್ಫೇಟಿನ ಮೇಲ್ಭಾಗ ಸೋಪಿನ ಜೊತೆ ಸೇರಿ ಸತು ಸ್ಟಿಯರೇಟ್ ಆಗುತ್ತದೆ. ಕೊನೆಗೆ ಸಿಗುವುದು ಮೂರು ಅಂತಸ್ತು: ಕೆಳಗೆ ಲೋಹಕ್ಕೆ ಕಚ್ಚಿದ ಫಾಸ್ಫೇಟ್, ನಡುವೆ ಸತುವಿನ ಸೋಪು, ಮೇಲೆ ಮಾಮೂಲಿ ಸೋಪು. ಪೂರ್ತಿ ಒಣಗಿಸಿದ ಮೇಲೆಯೇ ಪ್ರೆಸ್ಸಿಗೆ ಕೊಡಿ. ಹೆಚ್ಚು ಬಲದ ಉಕ್ಕಿಗೆ, ಅಂದರೆ 1000 ಮೆಗಾಪ್ಯಾಸ್ಕಲ್ ದಾಟಿದ್ದಕ್ಕೆ, ಆಮ್ಲದಲ್ಲಿ ಅದ್ದುವಾಗ ಎಚ್ಚರ ಬೇಕು. ಆಗ ಹುಟ್ಟುವ ಹೈಡ್ರೋಜನ್ ಒಳಗೆ ಸೇರಿ ಉಕ್ಕನ್ನು ಪೆಡಸು ಮಾಡಬಹುದು.

ಬಿಸಿ ಆಮ್ಲ, ಬಿಸಿ ಸೋಪು ಎರಡೂ ಚರ್ಮಕ್ಕೂ ಕಣ್ಣಿಗೂ ಅಪಾಯ. ಮುಖದ ಕವಚ, ಉದ್ದ ಗ್ಲೌಸ್, ಏಪ್ರನ್ ಇಲ್ಲದೆ ತೊಟ್ಟಿಯ ಬಳಿ ಯಾರೂ ನಿಲ್ಲಬಾರದು. ಆಮ್ಲವನ್ನು ನೀರಿಗೆ ಹಾಕಬೇಕು. ನೀರನ್ನು ಆಮ್ಲಕ್ಕೆ ಎಂದೂ ಸುರಿಯಬೇಡಿ.

ಡ್ರೈ ಫಿಲ್ಮ್ ಮತ್ತು ಹಾಟ್ ಮೆಲ್ಟ್. ಡ್ರೈ ಫಿಲ್ಮ್ ಎಂದರೆ ಅಕ್ರಿಲಿಕ್ ಅಥವಾ ಮೇಣ ಬೆರೆಸಿದ ದ್ರವವನ್ನು ರೋಲರ್‌ನಿಂದ ಹಚ್ಚಿ ಒಣಗಿಸಿದ್ದು. ಹಾಟ್ ಮೆಲ್ಟ್ ಬಿಸಿ ಇದ್ದಾಗ ದ್ರವ, ಶೀಟಿನ ಮೇಲೆ ತಣಿದಾಗ ಮೇಣದಂಥ ಪದರ. ಎರಡೂ ಒಂದು ಮೈಗೆ ಚದರ ಮೀಟರಿಗೆ ಸುಮಾರು 0.5ರಿಂದ 1.5 ಗ್ರಾಂ. ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಮೇಣದ ಸಾಂದ್ರತೆ 0.9 ಎಂದುಕೊಂಡರೆ, ಚದರ ಮೀಟರಿಗೆ 1 ಗ್ರಾಂ ಎಂದರೆ ದಪ್ಪ 1.1 ಮೈಕ್ರಾನ್. ಶೀಟಿನ ಮೈಯ ಒರಟುತನವೇ ಸುಮಾರು 1 ಮೈಕ್ರಾನ್ ಇರುತ್ತದೆ. ಅಂದರೆ ಈ ಪದರ ತಗ್ಗುಗಳನ್ನು ತುಂಬಿ, ದಿಬ್ಬಗಳ ತಲೆಯನ್ನು ತೆಳುವಾಗಿ ಮುಚ್ಚುತ್ತದೆ, ಅಷ್ಟೇ. ಆ ಜಾಗದ ವಿಸ್ತೀರ್ಣ 30 ಪ್ರತಿಶತ ಹಿಗ್ಗಿದರೆ 1 ಗ್ರಾಂ ಇದ್ದದ್ದು 0.77 ಆಗುತ್ತದೆ. ಹಾಗಾಗಿ ಸರಾಸರಿ ತೂಕಕ್ಕಿಂತ, ಪದರ ಎಲ್ಲ ಕಡೆ ಒಂದೇ ಸಮ ಇದೆಯಾ ಅನ್ನುವುದು ಮುಖ್ಯ. ಅಂಚಿನಲ್ಲಿ 1.5 ಗ್ರಾಂ, ನಡುವೆ 0.4 ಗ್ರಾಂ ಇದ್ದರೆ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಪೀಸು ಹರಿಯುವುದು ನಡುವೆಯೇ. ತೂಕ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಮಿಕ್ಕ ಮೇಣ ಡೈಯ ಮೂಲೆಗಳಲ್ಲಿ ಉಂಡೆಗಟ್ಟಿ ಪೀಸಿನ ಮೇಲೆ ಅಚ್ಚೊತ್ತುತ್ತದೆ.

ಪ್ಲಾಸ್ಟಿಕ್ ಫಿಲ್ಮ್. ಸ್ಟೇನ್‌ಲೆಸ್ ಸಿಂಕ್, ಮಿರಿಮಿರಿ ಮಿಂಚಬೇಕಾದ ಪ್ಯಾನೆಲ್, ಇಂಥವಕ್ಕೆ 50ರಿಂದ 100 ಮೈಕ್ರಾನ್‌ನ ಪಿಇ (ಪಾಲಿಎಥಿಲೀನ್) ಅಥವಾ ಪಿವಿಸಿ ಫಿಲ್ಮ್. ಡೈ ಕಡೆ ಮಾತ್ರ ಅಂಟಿಸಿ. ಫಿಲ್ಮ್ ದಪ್ಪವನ್ನು ಪಂಚ್–ಡೈ ನಡುವಿನ ಕ್ಲಿಯರೆನ್ಸ್ ಲೆಕ್ಕಕ್ಕೆ ಸೇರಿಸಲೇಬೇಕು. ವೆಲ್ಡಿಂಗ್‌ಗೋ ಬಿಸಿಗೋ ಮುಂಚೆ ಸಿಪ್ಪೆಯಂತೆ ಸುಲಿದು ತೆಗೆಯಿರಿ. ಪಿವಿಸಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಅದು ಉಸಿರಿಗೂ ಲೋಹಕ್ಕೂ ಕೆಟ್ಟದ್ದು.

ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೈಟ್ ಎರಡೂ ಹಾಳೆಹಾಳೆಯಾಗಿ ಜಾರುವ ಪುಡಿಗಳು. ಮೊದಲನೆಯದಕ್ಕೆ ಒಣ ಗಾಳಿ ಇಷ್ಟ. ಗ್ರಾಫೈಟಿಗೆ ಜಾರಲು ಸ್ವಲ್ಪ ತೇವವೇ ಬೇಕು. ಎರಡೂ ಕಪ್ಪಗೆ, ತೊಳೆಯುವುದು ಕಷ್ಟ. ಬೇರೆ ದಾರಿ ಇದ್ದರೆ ಶೀಟ್ ಕೆಲಸಕ್ಕೆ ಇವುಗಳನ್ನು ನಾನು ಕೊನೆಗೆ ಇಡುತ್ತೇನೆ.

ಹಂತ 6: ಡೈ ಮೇಲಿನ ಗಟ್ಟಿ ಕೋಟಿಂಗ್

ಗಾಲಿಂಗ್ ನಿಲ್ಲದಿದ್ದರೆ, ಅಥವಾ ಶೀಟಿನ ಮೇಲೆ ಹೆಚ್ಚೇನೂ ಹಚ್ಚುವಂತಿಲ್ಲದಿದ್ದರೆ ಡೈ ಕಡೆ ತಿರುಗಿ. ಪಿವಿಡಿ ಕೋಟಿಂಗ್ (ನಿರ್ವಾತದಲ್ಲಿ ಆವಿಯಿಂದ ಕೂರಿಸುವ ಪದರ) ಸಾಮಾನ್ಯವಾಗಿ 2ರಿಂದ 5 ಮೈಕ್ರಾನ್. ಟೈಟೇನಿಯಂ ನೈಟ್ರೈಡಿನ ಗಡಸುತನ ಸುಮಾರು 2300 ವಿಕರ್ಸ್, ಟೈಟೇನಿಯಂ ಕಾರ್ಬೋನೈಟ್ರೈಡಿನದು 3000. ಹಾರ್ಡ್ ಕ್ರೋಮ್ ಕೇವಲ 1000ದ ಆಸುಪಾಸು. ಡಿಎಲ್‌ಸಿಗೆ ಅಲ್ಯೂಮಿನಿಯಂ ಅಂಟುವುದು ಬಹಳ ಕಡಿಮೆ, ಆದರೆ 300 ಡಿಗ್ರಿ ದಾಟಿದರೆ ಅದು ಕೆಡಲು ಶುರುವಾಗುತ್ತದೆ. ಕರಗಿದ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ವೆನೇಡಿಯಂ ಕಾರ್ಬೈಡ್ ಕೂರಿಸುವ ಟಿಡಿ ವಿಧಾನ ಹೆಚ್ಚು ಬಲದ ಉಕ್ಕಿಗೆ ಅದ್ಭುತ. ಆದರೆ ಉಪ್ಪಿನ ತೊಟ್ಟಿ 1000 ಡಿಗ್ರಿಯ ಹತ್ತಿರ ಇರುವುದರಿಂದ ಡೈಯ ಅಳತೆ ಬದಲಾಗುತ್ತದೆ, ಮತ್ತೆ ಹಾರ್ಡನಿಂಗ್ ಆಗಬೇಕು.

ಇಲ್ಲಿ ಹಣ ಹಾಳಾಗುವುದು ಕೋಟಿಂಗ್‌ನಿಂದಲ್ಲ, ಕೆಳಗಿನ ಉಕ್ಕಿನಿಂದ. ಡಿ2 ಎಂಬ ಡೈ ಉಕ್ಕನ್ನು 200 ಡಿಗ್ರಿಯಲ್ಲಿ ಟೆಂಪರ್ ಮಾಡಿ (ಗಡಸು ಮಾಡಿದ ಮೇಲೆ ಮತ್ತೆ ಬಿಸಿ ಮಾಡಿ ಹದಗೊಳಿಸಿ), ಆಮೇಲೆ 450 ಡಿಗ್ರಿಯ ಪಿವಿಡಿ ಚೇಂಬರಿಗೆ ಕಳಿಸಿದರೆ ಒಳಗಿನ ಉಕ್ಕು ಮೆತ್ತಗಾಗುತ್ತದೆ. ಮೆತ್ತಗಿನ ನೆಲದ ಮೇಲಿನ ಗಟ್ಟಿ ಪದರ ಒತ್ತಡ ಬಿದ್ದ ಕೂಡಲೇ ಬಿರುಕು ಬಿಟ್ಟು ಎದ್ದುಬರುತ್ತದೆ. ಡೈಯನ್ನು 500 ಡಿಗ್ರಿಗಿಂತ ಮೇಲೆ ಟೆಂಪರ್ ಮಾಡಿಸಿ ಆಮೇಲೆ ಕೋಟಿಂಗ್‌ಗೆ ಕೊಡಿ. ಆರ್ಡರ್‌ನಲ್ಲಿ ಟೆಂಪರಿಂಗ್ ತಾಪವನ್ನು ಬರೆದೇ ಕಳಿಸಿ.

ಕೋಟಿಂಗ್ ಮುಂಚೆ ರೇಡಿಯಸ್‌ಗಳನ್ನು 0.1ರಿಂದ 0.2 ಮೈಕ್ರಾನ್ ಒರಟುತನಕ್ಕೆ ಇಳಿಯುವವರೆಗೆ ಪಾಲಿಶ್ ಮಾಡಿ. ಕೊನೆಯ ಉಜ್ಜು ಶೀಟು ಜಾರುವ ದಿಕ್ಕಿನಲ್ಲೇ ಇರಲಿ, ಅಡ್ಡ ಬೇಡ. ಆರ್ಕ್ ವಿಧಾನದ ಪಿವಿಡಿಯಲ್ಲಿ ಸಣ್ಣ ಲೋಹದ ಹನಿಗಳು ಮೈಮೇಲೆ ಉಳಿಯುತ್ತವೆ, ಆದ್ದರಿಂದ ಕೋಟಿಂಗ್ ಆದ ಮೇಲೂ ಒಂದು ಹಗುರ ಪಾಲಿಶ್ ಬೇಕು. ಟ್ರೈಔಟ್ (ಡೈಯ ಪ್ರಾಯೋಗಿಕ ಓಟ) ಪೂರ್ತಿ ಮುಗಿಯದೆ ಡೈಯನ್ನು ಕೋಟಿಂಗ್‌ಗೆ ಕಳಿಸಬೇಡಿ. ಆಮೇಲೆ ಒಂದು ಕಡೆ ಗ್ರೈಂಡ್ ಮಾಡಬೇಕಾಗಿ ಬಂದರೂ ಹಾಕಿದ ಪದರ ಹೋದಂತೆಯೇ ಅಲ್ವಾ?

ಹಂತ 7: ಅಳೆಯಿರಿ, ಆಮೇಲೆ ನಂಬಿ

ಪದರದ ತೂಕ ನೋಡಲು 100 ಎಂಎಂ ಚೌಕದ ತುಂಡು ಸಾಕು. ಎರಡೂ ಮೈ ಸೇರಿ 0.02 ಚದರ ಮೀಟರ್. ಪದರ ಇರುವಾಗ ತೂಗಿ, ಕರಗಿಸಿ ತೆಗೆದು, ಒಣಗಿಸಿ ಮತ್ತೆ ತೂಗಿ. ವ್ಯತ್ಯಾಸ 0.16 ಗ್ರಾಂ ಬಂದರೆ ಚದರ ಮೀಟರಿಗೆ 8 ಗ್ರಾಂ. ಡ್ರೈ ಫಿಲ್ಮ್‌ಗೆ ವ್ಯತ್ಯಾಸ 0.02 ಗ್ರಾಂ ಮಾತ್ರ ಬರುವುದರಿಂದ ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು. ಶೀಟಿನ ಎಡ, ನಡು, ಬಲ, ಮೂರೂ ಕಡೆಯಿಂದ ತುಂಡು ತೆಗೆಯಿರಿ.

ಹೋಲಿಕೆಗೆ ಕಪ್ ಪರೀಕ್ಷೆ ಮಾಡಿ. ಪಂಚ್ 50 ಎಂಎಂ ಇದ್ದರೆ ಬ್ಲ್ಯಾಂಕ್ ವ್ಯಾಸ 100, 102, 104 ಹೀಗೆ ಏರಿಸುತ್ತಾ ಹೋಗಿ. ಹರಿಯದೆ ಬರುವ ಅತಿ ದೊಡ್ಡ ಬ್ಲ್ಯಾಂಕನ್ನು ಪಂಚ್ ವ್ಯಾಸದಿಂದ ಭಾಗಿಸಿದರೆ ಡ್ರಾ ಅನುಪಾತದ ಮಿತಿ ಸಿಗುತ್ತದೆ. ಒಳ್ಳೆಯ ಡ್ರಾ ಉಕ್ಕಿಗೆ ಇದು 2ರಿಂದ 2.2ರ ಸುತ್ತ ಇರುತ್ತದೆ. ಹೋಲ್ಡರ್ ಒತ್ತಡ, ವೇಗ, ಶೀಟಿನ ಬ್ಯಾಚ್, ಯಾವುದನ್ನೂ ಬದಲಿಸಬೇಡಿ. ಗುಂಡುತಲೆಯ ಪಂಚ್‌ನಿಂದ ಶೀಟನ್ನು ಉಬ್ಬಿಸುವ ಎರಿಕ್ಸೆನ್ ಪರೀಕ್ಷೆ ಹಿಗ್ಗುವಿಕೆಯನ್ನು ನೋಡುವಂಥದ್ದು. ಡೀಪ್ ಡ್ರಾ ಕೋಟಿಂಗ್ ಆರಿಸಲು ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಆಮೇಲೆ ನಿಜವಾದ ಡೈ ಮೇಲೆ, ನಡುವೆ ಒರೆಸದೆ, ಕೆಲವು ನೂರು ಪೀಸು ಸತತವಾಗಿ ಓಡಿಸಿ. ತಣ್ಣಗಿರುವ ಡೈಯಲ್ಲಿ ಮೊದಲ ಹತ್ತು ಪೀಸು ಚೆನ್ನಾಗಿ ಬಂದರೆ ಏನೂ ಸಾಬೀತಾಗುವುದಿಲ್ಲ. ಡೈ ಬಿಸಿಯಾದ ಮೇಲೆ ಮೇಣ ಮೆತ್ತಗಾಗುತ್ತದೆ, ಪುಡಿ ಸೇರುತ್ತದೆ, ಆಗಲೇ ಗುಣ ಗೊತ್ತಾಗುವುದು. ಮುಗಿದ ಮೇಲೆ ಮತ್ತೆ ಹತ್ತಿ ಎಳೆದು, ಹಳೆಯ ಫೋಟೋ ಜೊತೆ ಹೋಲಿಸಿ.

ಹಂತ 8: ತೊಳೆಯುವುದು ಮತ್ತು ತ್ಯಾಜ್ಯ

ಡ್ರೈ ಫಿಲ್ಮ್, ಹಾಟ್ ಮೆಲ್ಟ್, ಸೋಪು, ಮೂರೂ ಬಿಸಿ ಕ್ಷಾರದ ಕ್ಲೀನರ್‌ನಲ್ಲಿ ಹೋಗುತ್ತವೆ. ಮೇಣ ಇದ್ದರೆ ತೊಟ್ಟಿಯ ತಾಪ ಆ ಮೇಣ ಕರಗುವ ತಾಪಕ್ಕಿಂತ ಮೇಲಿರಲಿ. ಅಲ್ಯೂಮಿನಿಯಂ ಮತ್ತು ಸತುವನ್ನು ಪ್ರಬಲ ಕಾಸ್ಟಿಕ್ ಸೋಡಾ ತಿನ್ನುತ್ತದೆ, ಅವಕ್ಕೆ ಮೃದು ಕ್ಲೀನರ್ ಬೇಕು. ಪ್ರೆಸ್ ಆದ ದಿನವೇ ತೊಳೆದ ಪೀಸನ್ನು ನೋಡಿ ತೃಪ್ತರಾಗಬೇಡಿ. ನಿಮ್ಮ ಕೆಲಸದಲ್ಲಿ ಪೀಸುಗಳು ವಾರಗಟ್ಟಲೆ ರಾಶಿ ಬಿದ್ದಿರುವುದಾದರೆ ಅಷ್ಟೇ ಕಾಲ ಇಟ್ಟ ಪೀಸನ್ನು ತೊಳೆದು, ಹಂತ 5ರಲ್ಲಿ ಹೇಳಿದಂತೆ ನೀರು ಹನಿಯಾಗಿ ಒಡೆಯುತ್ತದೆಯಾ ನೋಡಿ.

ಫಾಸ್ಫೇಟ್ ತೊಟ್ಟಿಯ ತಳದಲ್ಲಿ ಕೂರುವ ಗಸಿ ಬಹುಪಾಲು ಕಬ್ಬಿಣದ ಫಾಸ್ಫೇಟ್. ಅದನ್ನು ಆಗಾಗ ತೆಗೆಯದಿದ್ದರೆ ಬಿಸಿ ಮಾಡುವ ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುತ್ತದೆ. ತೊಳೆದ ನೀರಿನಲ್ಲಿ ಸತು ಇರುತ್ತದೆ. ಸುಣ್ಣ ಹಾಕಿ ಪಿಎಚ್ ಅನ್ನು 9ರ ಸುತ್ತ ತಂದರೆ ಅದು ಕೆಳಗೆ ಕೂರುತ್ತದೆ. ಗಸಿಯನ್ನು ಬೇರೆಮಾಡಿ ಅಪಾಯಕಾರಿ ತ್ಯಾಜ್ಯದ ನಿಯಮದಂತೆ ಸಾಗಿಸಿ. ಸೋಪಿನ ನೀರನ್ನೂ ಆಮ್ಲದ ನೀರನ್ನೂ ಒಂದೇ ಪೈಪಿನಲ್ಲಿ ಬಿಡಬೇಡಿ. ಎರಡೂ ಸೇರಿದ ಕೂಡಲೇ ಕೊಬ್ಬಿನ ಆಮ್ಲ ಮತ್ತು ಸತುವಿನ ಸೋಪು ಅಂಟಂಟಾಗಿ ಹೆಪ್ಪುಗಟ್ಟಿ ಪೈಪು ಮುಚ್ಚಿಹೋಗುತ್ತದೆ. ಲೈನ್ ಹಾಕುವ ಮೊದಲ ದಿನವೇ ಎರಡಕ್ಕೂ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಪೈಪು ಇಟ್ಟುಬಿಡಿ.